ಮಾವನ ಒಂದು ನಿಮಿಷ

ಊರಿನಲ್ಲಿ ಯಾರಾದರೂ ಸತ್ತರೆ ನಮ್ಮ ಮಾವನಿಗೆ ಕೈತುಂಬ ಕೆಲಸ. ಅವರು ಡಾಕ್ಟರಲ್ಲ, ಪುರೋಹಿತರಲ್ಲ, ಚಟ್ಟ ಕಟ್ಟುವವರೂ ಅಲ್ಲ. ಪುರಸಭೆಯ ಮೆಂಬರು. ಪುರಸಭೆಗೂ ಸಾವಿಗೂ ಏನಪ್ಪಾ ಸಂಬಂಧ ಎಂದು ನೀವು ಕೇಳಬಹುದು. ನಮ್ಮೂರಿನ ಚರಂಡಿಗಳನ್ನು ನೋಡಿದವರು ಹಾಗೆ ಕೇಳುವುದಿಲ್ಲ. ಆದರೆ ನಾನು ಹೇಳಹೊರಟಿರುವುದು ಚರಂಡಿಯ ಸಂಬಂಧವಲ್ಲ.

ಯಾವ ಊರಿನ ಪುರಸಭೆ ಎಂದು ಮಾತ್ರ ಹೇಳಲಾರೆ. ಕಡೂರಿನವರು ಇದು ತರೀಕೆರೆಯದು ಎಂದುಕೊಳ್ಳಲಿ, ತರೀಕೆರೆಯವರು ಕಡೂರಿನದು ಎಂದುಕೊಳ್ಳಲಿ, ಅಜ್ಜಂಪುರದವರು ಇಬ್ಬರನ್ನೂ ನೋಡಿ ನಗಲಿ. ಊರಿನ ಮಾನ ಉಳಿದರೆ ಸಾಕು. ನನ್ನ ಮಾನ ಹೇಗೂ ಈ ಪುಟಗಳು ಮುಗಿಯುವುದರೊಳಗೆ ಹೋಗುತ್ತದೆ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಅವರ ಮಗಳನ್ನೇ ನನಗೆ ಕೊಟ್ಟಿದ್ದರಿಂದ ಎರಡು ಕಡೆಯಿಂದಲೂ ಮಾವ. ತಪ್ಪಿಸಿಕೊಳ್ಳಲು ಸಂದಿಯೇ ಇಲ್ಲದ ನಂಟು. ಅವರದು ಕೊಬ್ಬರಿ ಮಂಡಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಗೊಬ್ಬರದ ಅಂಗಡಿ ಇಟ್ಟವನು. ಎಪ್ಪತ್ತರ ದಶಕದ ಕೊನೆಯಲ್ಲಿ ಇಬ್ಬರೂ ಒಂದೇ ಚುನಾವಣೆಯಲ್ಲಿ ಗೆದ್ದೆವು. ಮಾವ ತಮ್ಮ ವಾರ್ಡಿನಲ್ಲಿ ಒಂದು ಮನೆಗೂ ಹೋಗದೆ ಗೆದ್ದರು. ನನ್ನ ವಾರ್ಡಿನಲ್ಲಿ ಮನೆ ಮನೆಗೂ ಹೋಗಿ ನನ್ನನ್ನು ಗೆಲ್ಲಿಸಿದರು. ಮುಂದೆ ನಾನು ಮಾಡಿದ್ದನ್ನು ಓದುವಾಗ ಇದನ್ನು ದಯವಿಟ್ಟು ಮರೆಯಬೇಡಿ.

ಪುರಸಭೆಯಲ್ಲಿ ಒಂದು ಪದ್ಧತಿಯಿತ್ತು. ದೊಡ್ಡ ಮನುಷ್ಯರು ಯಾರಾದರೂ ತೀರಿಕೊಂಡಿದ್ದರೆ, ಸಭೆ ಶುರುವಾಗುವ ಮೊದಲು ಅಧ್ಯಕ್ಷರು ಸಂತಾಪದ ನಿರ್ಣಯ ಓದುತ್ತಿದ್ದರು. ಮೆಂಬರುಗಳೆಲ್ಲ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲುತ್ತಿದ್ದರು. ನಮ್ಮ ಮೊದಲ ಸಭೆಯಲ್ಲಿ ಯಾರೋ ಮಾಜಿ ಮಂತ್ರಿಗಳಿಗೆ ನಿಂತು, ಇನ್ನೇನು ಕೂರಬೇಕು, ಮಾವ ಕೂರಲೇ ಇಲ್ಲ.

"ಅಧ್ಯಕ್ಷರೇ, ನಮ್ಮ ಜಟಕಾ ಸಾಬರೂ ಹೋಗ್ಬಿಟ್ರು. ಅವರಿಗೂ ಒಂದು ನಿಮಿಷ ಆಗ್ಲಿ."

"ಅವರೇನು ಮಂತ್ರಿನಾ ಮಾರಾಯ್ರೇ?"

"ಆ ಮಂತ್ರಿ ನಮ್ಮೂರಿಗೆ ಬಂದಾಗ ಸ್ಟೇಷನ್ನಿಂದ ಕರ್ಕಂಡ್ ಬಂದೋರು ಯಾರು? ಕೂತು ಬಂದೋರಿಗೆ ನಿಂತ್ಕಂಡ್ರಿ, ಹೊತ್ಕಂಡ್ ಬಂದೋರಿಗೂ ನಿಂತ್ಕಳಿ."

ಅಧ್ಯಕ್ಷರು ಮತ್ತೆ ಕೈ ಕಟ್ಟಿಕೊಂಡು ನಿಂತರು. ಅವರ ಜೊತೆ ಸಭೆಯೂ ಇನ್ನೊಂದು ನಿಮಿಷ ನಿಂತಿತು. ಅಲ್ಲಿಂದ ಊರಿನ ಒಂದು ಹೆಣವನ್ನೂ ಮಾವ ಬಿಡಲಿಲ್ಲ. ಅವಲಕ್ಕಿ ಕುಟ್ಟುವ ಅಜ್ಜಿ, ಸಿಂಗಟಗೆರೆ ಬಸ್ಸಿನ ಮೇಲೆ ಗಂಟು ಏರಿಸುತ್ತಿದ್ದ ಮುದುಕ, ಸಂತೆಯಲ್ಲಿ ಹಲ್ಲು ಕೀಳುತ್ತಿದ್ದವನು. ಹಲ್ಲಿನವನಿಗೆ ನಿಲ್ಲುವಾಗ ಒಬ್ಬ ಮೆಂಬರು ದವಡೆ ಹಿಡಿದುಕೊಂಡೇ ನಿಂತಿದ್ದರು. ಅವರ ದುಃಖ ನಿಜವಾದದ್ದು. ಸತ್ತವನು ಅವರ ಒಳ್ಳೆಯ ಹಲ್ಲನ್ನೇ ಕಿತ್ತಿದ್ದ.

ಇನ್ನು ಮಾವನ ಒಂದು ನಿಮಿಷದ ವಿಚಾರ. ಮಾವ ಗಡಿಯಾರ ಕಟ್ಟುತ್ತಿರಲಿಲ್ಲ. ಕಣ್ಣು ಮುಚ್ಚಿ ಸತ್ತವರನ್ನು ಹುಟ್ಟಿನಿಂದ ನೆನೆಯಲು ಶುರು ಮಾಡುತ್ತಿದ್ದರು. ಮದುವೆ, ಮಕ್ಕಳು, ಜಗಳ, ಕಾಯಿಲೆ ಎಲ್ಲ ದಾಟಿ ಮಸಣಕ್ಕೆ ಬಂದು ಸೇರಿದ ಮೇಲೆಯೇ ಅವರ ನಿಮಿಷ ಮುಗಿಯುತ್ತಿದ್ದುದು. ಅಷ್ಟರಲ್ಲಿ ಹೋಟೆಲಿನಿಂದ ತರಿಸಿದ ಬೋಂಡ ತಣ್ಣಗಾಗುತ್ತಿತ್ತು. ಒಮ್ಮೆ ಮುಖ್ಯಾಧಿಕಾರಿಗಳು ಮುಗಿಸಿ ಎನ್ನುವಂತೆ ಸಣ್ಣಗೆ ಕೆಮ್ಮಿದರು. ಮಾವ ಕಣ್ಣು ತೆರೆದು, "ಸಾರ್, ಮದುವೆ ತನಕ ಬಂದಿದ್ದೆ. ಈಗ ಮತ್ತೆ ಮೊದಲಿಂದ ಬರ್ಬೇಕು" ಎಂದು ಮತ್ತೆ ಕಣ್ಣು ಮುಚ್ಚಿದರು. ಆಮೇಲೆ ನೆಗಡಿ ಆದವರು ಸಭೆಗೆ ಬರುವುದನ್ನೇ ಬಿಟ್ಟರು.

ಈ ಕಣ್ಣು ಮುಚ್ಚುವ ವೈಖರಿಯನ್ನು ನಾನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಕಲು ಮಾಡಿ ತೋರಿಸುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಫಿ ನನಗೆ ಪುಕ್ಕಟೆ ಸಿಗುತ್ತಿತ್ತು. ಕಾಫಿ ಚೆನ್ನಾಗಿಯೇ ಇರುತ್ತಿತ್ತು. ಅದೇ ಈಗ ನಾಚಿಕೆ.

ಒಮ್ಮೆ ಬದುಕಿದ್ದವನಿಗೇ ನಿಂತುಬಿಟ್ಟೆವು. ಮಗಳ ಮನೆಗೆಂದು ದೇವನೂರಿಗೆ ಹೋಗಿದ್ದ ನಮ್ಮೂರಿನ ದರ್ಜಿ ಅಲ್ಲೇ ತೀರಿಕೊಂಡ ಎಂದು ಬಸ್ಸಿನವರು ಸುದ್ದಿ ತಂದರು. ಮಾವ ಅವನನ್ನು ದಾರ ಪೋಣಿಸಲು ಕಲಿತಂದಿನಿಂದ ನೆನೆದು ಕಣ್ಣೊರೆಸಿಕೊಂಡರು. ಮುಂದಿನ ವಾರ ದರ್ಜಿ ಸ್ವತಃ ಪುರಸಭೆಯ ಮೆಟ್ಟಿಲು ಹತ್ತಿ ಬಂದ. ಸತ್ತವನು ಅವನ ಬೀಗನಂತೆ. ಅಧ್ಯಕ್ಷರು ತಲೆ ಚಚ್ಚಿಕೊಂಡು, "ನಿರ್ಣಯ ರದ್ದು ಮಾಡ್ರಿ ಅತ್ಲಾಗೆ" ಎಂದರು. ದರ್ಜಿ ಅಧ್ಯಕ್ಷರಿಗೆ ಕೈ ಮುಗಿದು ಮಾವನತ್ತ ನೋಡಿದ.

"ಬ್ಯಾಡಿ ಸ್ವಾಮಿ, ಅದು ಹಂಗೇ ಇರ್ಲಿ. ಇವತ್ತಲ್ಲ ನಾಳೆ ಬೇಕಾಗೇ ಆಯ್ತದೆ. ಆಗ ಯಜಮಾನ್ರು ಇರ್ತಾರೋ ಇಲ್ವೋ."

ಕಸದ ಗಾಡಿಯ ಎತ್ತು ಸತ್ತಾಗ ಮಾತ್ರ ಅಧ್ಯಕ್ಷರು ಮೇಜು ಕುಟ್ಟಿದರು. "ಎತ್ತಿಗೆಲ್ಲ ಎದ್ದು ನಿಲ್ಲಕ್ಕಾಗಲ್ಲ ಕಣ್ರೀ. ಮನುಷ್ಯರಿಗೂ ಒಂದು ಮರ್ಯಾದೆ ಅಂತ ಬೇಡ್ವಾ?"

ಮಾವ ಶಾಂತವಾಗಿ ಹೇಳಿದರು: "ಬಲವಂತ ಇಲ್ಲ ಅಧ್ಯಕ್ಷರೇ. ಈ ಊರಿಗೆ ಆ ಎತ್ತಿನಷ್ಟು ದುಡಿದೋರು ಇಲ್ಲಿ ಯಾರಿದೀರೋ ಅವರು ಕೂತ್ಕಂಡಿರ್ಲಿ."

ಎಲ್ಲರೂ ಎದ್ದು ನಿಂತೆವು.

ಆದರೆ ಊರು ನಮ್ಮನ್ನು ಸುಮ್ಮನೆ ಬಿಡಲಿಲ್ಲ. ನಾನು ಯಾವ ಮದುವೆ ಮನೆಗೆ ಕಾಲಿಟ್ಟರೂ, "ಬಂದ್ರಪ್ಪಾ ಶೋಕದ ಮೆಂಬರು, ಯಾರ ಟಿಕೀಟು ಹರಿದ್ರಿ ಇವತ್ತು?" ಎನ್ನುತ್ತಿದ್ದರು. ಆ ಹೊತ್ತಿಗೆ ನನಗೆ ಉಪಾಧ್ಯಕ್ಷನಾಗುವ ಆಸೆ ಹುಟ್ಟಿತ್ತು. ಅಧ್ಯಕ್ಷರು ಒಂದು ದಿನ ನನ್ನ ಅಂಗಡಿಗೆ ಬಂದು, ಗೊಬ್ಬರದ ಮೂಟೆಯ ಮೇಲೆ ಕೂತು ಮೆಲ್ಲಗೆ ಹೇಳಿದರು:

"ನಿಮ್ಮ ಮಾವನ್ನ ನೀವು ಕೂರ್ಸಿ. ಉಪಾಧ್ಯಕ್ಷರ ಚುನಾವಣೆಗೆ ನಿಮ್ಮನ್ನ ನಾನು ನಿಲ್ಲಿಸ್ತೀನಿ."

"ಅವರು ಕೂರೋ ಪೈಕಿ ಅಲ್ವಲ್ಲ ಸಾರ್."

"ಕೂರ್ಸೋದು ಬ್ಯಾಡ ಬಿಡಿ. ಮುಂದಿನ ಸಲ ಅವರು ಎದ್ದಾಗ ನೀವು ಏಳ್ಬ್ಯಾಡಿ, ಅಷ್ಟೇ. ಅಳಿಯನೇ ಏಳ್ಲಿಲ್ಲ ಅಂದ್ರೆ ಮಿಕ್ಕೋರು ಯಾಕೆ ಏಳ್ತಾರೆ?"

ಕೂತಿರುವುದಕ್ಕೆ ಪದವಿ. ಇದಕ್ಕಿಂತ ಸುಲಭದ ಕೆಲಸ ಯಾವುದಿದೆ? ಒಪ್ಪಿಕೊಂಡೆ.

ಆ ಮಳೆಗಾಲದಲ್ಲಿ ನಮ್ಮ ಬೀದಿ ಗುಡಿಸುತ್ತಿದ್ದ ಹನುಮಕ್ಕ ಜ್ವರ ಬಂದು ಸತ್ತಳು. ಪೇಟೆ ಬೀದಿಯ ಕಸ, ನಮ್ಮೆಲ್ಲರ ಮನೆ ಮುಂದಿನ ಚರಂಡಿ, ರಸ್ತೆಯಲ್ಲಿ ಸತ್ತ ನಾಯಿ, ಎಲ್ಲವೂ ಅವಳದೇ ಪಾಲು. ಅವಳು ಮಲಗಿದಾಗಿನಿಂದ ಮಗಳು ರತ್ನ ಪೊರಕೆ ಹಿಡಿದಿದ್ದಳು. ಮಣ್ಣು ಮಾಡಲು ಹೋಗಿದ್ದ ಮಾವ ಅಲ್ಲೇ ರತ್ನನಿಗೆ ಹೇಳಿ ಬಂದಿದ್ದರು: "ಸೋಮವಾರ ಮುನ್ಸಿಪಾಲ್ಟಿಗೆ ಬಾರಮ್ಮ. ನಿಮ್ಮವ್ವಂಗೆ ಊರೇ ಎದ್ದು ನಿಲ್ತದೆ. ನೋಡ್ಕಂಡು ಹೋಗು."

ಅವಳು ಬಂದಳು. ಒಗೆದು ಮಡಿಸಿಟ್ಟಿದ್ದ ಸೀರೆ ಉಟ್ಟು, ತಲೆ ಬಾಚಿ, ತಾನು ದಿನಾ ಗುಡಿಸುವ ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಬಾಗಿಲ ಪಕ್ಕ ನಿಂತಳು. ಒಳಗೆ ಬಾ ಎಂದು ಮಾವ ಕರೆದರೂ ಬರಲಿಲ್ಲ.

ಮಾವ ಎದ್ದರು. ಅವತ್ತು ವಾದ ಮಾಡಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. "ನಮ್ಮ ಹನುಮಕ್ಕ ಹೋಗ್ಬಿಟ್ಲು. ಮಗಳು ಬಂದವ್ಳೆ. ಎಲ್ಲಾರೂ ಎದ್ದು ನಿಲ್ಬೇಕು ಅಂತ ಕೇಳ್ಕೊತೀನಿ" ಎಂದರು, ಅಷ್ಟೇ. ಯಾರೂ ಬೇಡ ಎನ್ನಲಿಲ್ಲ. ಯಾರೂ ಏಳಲೂ ಇಲ್ಲ. ಅಧ್ಯಕ್ಷರು ನನ್ನನ್ನು ನೋಡಿದರು. ದವಡೆ ಮೆಂಬರು ಅರ್ಧ ಎದ್ದವರು ನನ್ನನ್ನು ನೋಡಿ ಮತ್ತೆ ಕುರ್ಚಿಗೆ ಕೂತರು. ಮಾವ ಪಕ್ಕದಲ್ಲೇ ಕೂತಿದ್ದ ನನ್ನ ಹೆಗಲನ್ನು ಬೆರಳಿನಿಂದ ಮುಟ್ಟಿದರು, ನಿದ್ದೆ ಮಾಡುವ ಮಗುವನ್ನು ಎಬ್ಬಿಸುವ ಹಾಗೆ.

ನಾನು ಅವರ ಅಂಗಿಯ ತುದಿ ಹಿಡಿದು ಕೆಳಕ್ಕೆ ಎಳೆದೆ. "ಕೂತ್ಕಳಿ ಮಾವ. ಜನ ನಗ್ತಾರೆ" ಎಂದು ಪಿಸುಗುಟ್ಟಿದೆ.

ಯಾರೂ ನಗಲಿಲ್ಲ. ಮಾವ ಕೂರಲೂ ಇಲ್ಲ. ಒಬ್ಬರೇ ಕಣ್ಣು ಮುಚ್ಚಿ ನಿಂತರು. ಬಾಗಿಲ ಬಳಿ ರತ್ನ ಸೆರಗನ್ನು ಬಿಗಿಯಾಗಿ ಹಿಡಿದು, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದು ನನ್ನ ಮುಖಕ್ಕೆ ತಲುಪುವಷ್ಟರಲ್ಲಿ ನಾನು ಮೇಜಿನ ಮೇಲಿನ ಕಾಗದ ಓದತೊಡಗಿದ್ದೆ. ಅದರಲ್ಲಿ ಏನಿತ್ತೋ ದೇವರಿಗೇ ಗೊತ್ತು. ಮಾವನ ಎಷ್ಟೋ ಉದ್ದುದ್ದ ನಿಮಿಷಗಳನ್ನು ನಿಂತು ಸಹಿಸಿದವನು ನಾನು. ಕೂತು ಕಳೆದ ಈ ನಿಮಿಷ ಮಾತ್ರ ಮುಗಿಯುವ ಹಾಗೇ ಕಾಣಲಿಲ್ಲ. ಕೊನೆಗೆ ಅಧ್ಯಕ್ಷರು "ಮುಂದಿನ ವಿಷಯ" ಎಂದರು. ಬೀದಿ ದೀಪದ ಬಲ್ಬು. ಅದಕ್ಕೆ ಎಲ್ಲರ ಸಹಮತವಿತ್ತು.

ನಾನು ಉಪಾಧ್ಯಕ್ಷನಾದೆ. ಅದನ್ನೂ ಹೇಳಿಬಿಡುತ್ತೇನೆ. ನನ್ನ ಹೆಸರು ಬರೆದ ಹಲಗೆಯ ಬಣ್ಣ ಒಣಗುವಷ್ಟರಲ್ಲಿ ಸರ್ಕಾರ ಪುರಸಭೆಯನ್ನೇ ವಿಸರ್ಜಿಸಿ ಒಬ್ಬ ಆಡಳಿತಾಧಿಕಾರಿಯನ್ನು ತಂದು ಕೂರಿಸಿತು. ಆದರೆ ಅದು ನನ್ನ ಶಿಕ್ಷೆಯಲ್ಲ. ಶಿಕ್ಷೆ ಸಭೆಯ ಮಾರನೇ ಬೆಳಿಗ್ಗೆಯೇ ಶುರುವಾಗಿತ್ತು.

ಜಗಲಿಯ ಮೇಲೆ ಹಲ್ಲುಜ್ಜುತ್ತಾ ನಿಂತಿದ್ದೆ. ಬೀದಿ ಗುಡಿಸುತ್ತಾ ಬಂದ ರತ್ನ ಪೊರಕೆ ನಿಲ್ಲಿಸಿದಳು. ಬೈಯುತ್ತಾಳೆ, ಬೈಯಲಿ ಎಂದು ಕಾದೆ.

"ಕಾಲು ಹೆಂಗೈತೆ ಬುದ್ಧಿ?"

"ಯಾವ ಕಾಲು?"

"ನಿಮ್ಮ ಮಾವ ಯಜಮಾನ್ರು ಎಲ್ಲಾ ಹೇಳಿದ್ರು. ಮಂಡಿ ಹಿಡ್ಕಂಡು ಏಳಕ್ಕೇ ಆಗ್ಲಿಲ್ವಂತೆ, ಪಾಪ. ನೀವು ಏಳಕ್ಕಾಗ್ದೆ ಕೂತಿರೋವಾಗ ತಾವು ಎದ್ರೆ ನಿಮಗೆ ಅವಮಾನ ಆಯ್ತದೆ ಅಂತ ಮಿಕ್ಕೋರೂ ಕೂತ್ರಂತೆ. ನನಗೆ ಗೊತ್ತಾಗ್ಲಿಲ್ಲ ನೋಡಿ. ನಿಂತಲ್ಲೇ ಏನೇನೋ ಅಂದ್ಕಂಬಿಟ್ಟೆ. ತಪ್ಪು ತಿಳ್ಕಬ್ಯಾಡಿ."

ಬಾಯಲ್ಲಿದ್ದ ಹಲ್ಲುಪುಡಿಯ ನೊರೆ ಉಗಿಯುವ ನೆಪ ಮಾಡಿಕೊಂಡು ಒಳಗೆ ಹೋಗಲು ತಿರುಗಿದೆ. ಅವಳು ನೋಡುತ್ತಲೇ ಇದ್ದಳು. ಏನು ಮಾಡಲಿ? ಕುಂಟಿದೆ.

ಅಲ್ಲಿಂದ ದಿನಾ ಬೆಳಿಗ್ಗೆ ಪೊರಕೆಯ ಸದ್ದು ಕೇಳಿದರೆ ನಾನು ಕುಂಟ. ಸದ್ದು ಮುಂದಿನ ಬೀದಿಗೆ ತಿರುಗಿದರೆ ನೆಟ್ಟಗಿನ ಮನುಷ್ಯ. ನನ್ನ ಹೆಂಡತಿ, "ಇದೇನ್ರೀ, ಗಳಿಗೆಗೊಂದು ನಡಿಗೆ?" ಎಂದಳು. ಒಂದು ದಿನ ಗಡಿಬಿಡಿಯಲ್ಲಿ ಬಲಗಾಲಿನ ಬದಲು ಎಡಗಾಲು ಎಳೆದುಕೊಂಡು ಹೋದೆ. ರತ್ನ ಅದನ್ನೂ ಗಮನಿಸಿದಳು. "ಅಯ್ಯೋ, ಇನ್ನೊಂದಕ್ಕೂ ಬಂತಾ ಬುದ್ಧಿ?" ಎಂದು ನಿಜವಾಗಿಯೂ ಮರುಗಿದಳು.

ತಡೆಯಲಾರದೆ ಕೊಬ್ಬರಿ ಮಂಡಿಗೆ ಹೋಗಿ ಮಾವನನ್ನೇ ಕೇಳಿದೆ. ಅವರು ಕೊಬ್ಬರಿ ಬಗ್ಗಿಸಿ ನೋಡಿ, ಒಣಗಿದ್ದನ್ನೂ ಹಸಿಯಾದದ್ದನ್ನೂ ಬೇರೆ ಮಾಡುತ್ತಿದ್ದರು. ಸಭೆಯ ಮಾತನ್ನು ಅವರು ಒಂದು ದಿನವೂ ಎತ್ತಿರಲಿಲ್ಲ.

"ಯಾಕೆ ಮಾವ ಹಂಗೆ ಸುಳ್ಳು ಹೇಳಿದ್ರಿ?"

"ಇನ್ನೇನು ಹೇಳ್ಲೋ? ನಿಮ್ಮವ್ವಂಗೆ ಯಾಕೆ ಏಳ್ಬೇಕು ಅಂತ ಕೂತ್ಕಂಡ್ರು ಅನ್ಲಾ? ನಾಳೆನೂ ಆ ಹುಡ್ಗಿ ನಿನ್ನ ಮನೆ ಮುಂದೆ ಬಗ್ಗಬೇಕು ಕಣೋ."

"ನೀವು ನನ್ನ ಬೈಬೇಕಿತ್ತು."

"ಬೈದ್ರೆ ನಿನಗೆ ಹಗುರ ಆಗೋದು" ಎಂದು ಇನ್ನೊಂದು ಕೊಬ್ಬರಿ ಎತ್ತಿಕೊಂಡರು.

ಮರುದಿನ ರತ್ನ ಒಂದು ಕಂತೆ ಲಕ್ಕಿ ಸೊಪ್ಪು ತಂದು ಜಗಲಿಯ ಮೇಲಿಟ್ಟಳು. ಕೆರೆ ಏರಿಯ ಆಚೆಗೆ ಹೋಗಿ ಮುರಿದು ತಂದಿದ್ದಳಂತೆ. ಸೀರೆಯ ಅಂಚಿಗೆ ಕೆಸರಿತ್ತು. "ನೀರಿಗೆ ಹಾಕಿ ಕುದಿಸಿ ಮಂಡಿ ಮೇಲೆ ಹುಯ್ಕಳಿ ಬುದ್ಧಿ. ನಮ್ಮವ್ವಂಗೂ ಇದ್ನೇ ಹುಯ್ತಿದ್ದೆ. ಚರಂಡಿಲಿ ಬಗ್ಗೀ ಬಗ್ಗೀ ಅವಳ ಮಂಡಿ ಊದ್ಕಂಡಿರದು."

ಅವಳೇ ಮುಂದಿನ ಬೀದಿಗೆ ಹೋಗುವ ಮೊದಲು ಕೂಗಿ ನನ್ನ ಹೆಂಡತಿಗೂ ಹೇಳಿ ಹೋದಳು. ಹಂಡೆಯಲ್ಲಿ ಸೊಪ್ಪು ಕುದಿಯಿತು. ಬಚ್ಚಲಲ್ಲಿ ಕೂತು, ಯಾವ ಕಾಯಿಲೆಯೂ ಇಲ್ಲದ ನನ್ನ ಎರಡು ಮಂಡಿಗಳ ಮೇಲೆ ಆ ನೀರನ್ನು ಹುಯ್ದುಕೊಂಡೆ. ಸಾಕು, ನಾಳೆ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ಅವಳು ಉಗಿದರೂ ಸರಿ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಬೆಳಿಗ್ಗೆ ಜಗಲಿಯ ಮೇಲೆ ಕೂತು ಕಾದೆ. ಅವಳು ಬಂದಳು. ಹೇಳಲೇಬೇಕೆಂದು, ಏನನ್ನೂ ಹಿಡಿದುಕೊಳ್ಳದೆ, ನೆಟ್ಟಗೆ ಎದ್ದು ನಿಂತೆ.

ರತ್ನ ಪೊರಕೆಯನ್ನು ಕೈಬಿಟ್ಟು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ತುಂಬಿ ಬಂತು.

"ಎದ್ರಲ್ಲ ಬುದ್ಧಿ" ಎಂದಳು. "ನಮ್ಮವ್ವಂಗೆ ವಾಸಿ ಮಾಡಕ್ಕಾಗ್ಲಿಲ್ಲ. ನಿಮಗಾದ್ರೂ ಆಯ್ತಲ್ಲ."

ಕಣ್ಣೊರೆಸಿಕೊಂಡು, ಪೊರಕೆ ಎತ್ತಿಕೊಂಡು ಗುಡಿಸುತ್ತಾ ಹೋದಳು. ಅವಳು ಬೀದಿಯ ಕೊನೆ ಮುಟ್ಟುವ ತನಕ ನಿಂತೇ ಇದ್ದೆ.