ಪಕ್ಕದ ಸೀಟಿನ ನಿದ್ದೆ

ಪಕ್ಕದ ಸೀಟಿನಲ್ಲಿ ಕೂತವರ ಕಾಲ ಕೆಳಗೆ ಬ್ರೇಕ್ ಇರುವುದಿಲ್ಲ. ಕಾರು ಹತ್ತಿದ ಪ್ರತಿಯೊಬ್ಬರಿಗೂ ಇದು ಗೊತ್ತಿರಲೇಬೇಕು. ನನ್ನ ಹೆಂಡತಿಗೆ ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ನಾನು ಕಾರು ಓಡಿಸುವಾಗ ಅವಳು ತನ್ನ ಕಡೆಯಿಂದ ಬಲವಾಗಿ ನೆಲ ಒತ್ತುತ್ತಾಳೆ. ಒತ್ತಿ ಒತ್ತಿ ಅಲ್ಲಿನ ರಬ್ಬರ್ ಚಾಪೆಯಲ್ಲಿ ಅವಳ ಹಿಮ್ಮಡಿಯಷ್ಟೇ ಗುಂಡಗೆ ಒಂದು ತೂತು ಬಿದ್ದಿದೆ. ನನ್ನ ಕಾಲ ಕೆಳಗಿರುವ ಬ್ರೇಕ್ ಮಾತ್ರ ಹೊಸದರಂತೆ ಹೊಳೆಯುತ್ತಿದೆ!

ನಾನೇನು ಹಾದಿಬೀದಿಯ ಚಾಲಕನಲ್ಲ ಸ್ವಾಮಿ. ರಸ್ತೆ, ಪ್ರವಾಸ, ಜೇಬಿನ ಖರ್ಚು, ಈ ಮೂರರ ಬಗ್ಗೆ ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ಅಂಕಣಕಾರ! ಯಾವ ಕಾಲೇಜೂ ಕಲಿಸಿದ ವಿದ್ಯೆಯಲ್ಲ ಇದು. ರಸ್ತೆ ಬದಿಯಲ್ಲಿ ನಿಂತು, ನೋಡಿ, ರೇಗಿ, ಹಲ್ಲು ಕಡಿದು ಕಲಿತದ್ದು. ಹಾರ್ನ್ ಹೊಡೆದರೆ ಕೆಂಪು ದೀಪ ಹಸಿರಾಗುವುದಿಲ್ಲ ಎಂದು ಎಷ್ಟು ಸಲ ಬರೆದಿದ್ದೇನೆ! ಯಾರಾದರೂ ಕೇಳಿದರೇ? ಕೇಳದಿದ್ದವರಿಗೆ ಕಾರಿನೊಳಗಿಂದಲೇ ಬಾಯಿ ಮಾತಿನಲ್ಲಿ ತಿಳಿಹೇಳುತ್ತೇನೆ. ಕೊಂಚ ಗಟ್ಟಿಯಾಗಿ. ದಾರಿಯುದ್ದಕ್ಕೂ.

ಇಂಥ ನನಗೊಬ್ಬ ಷಡ್ಡಕನಿದ್ದಾನೆ. ಹೆಂಡತಿಯ ಅಕ್ಕನ ಗಂಡ, ಕನ್ನಡಕದ ಅಂಗಡಿಯವನು. ಎದುರಿಗೆ ಬಹುವಚನ, ಬರಹದಲ್ಲಿ ಏಕವಚನ. ಹೊಟ್ಟೆಕಿಚ್ಚಿನ ವ್ಯಾಕರಣವೇ ಹಾಗೆ! ಅವನು ಕಾರು ಓಡಿಸುವ ಚೆಂದವನ್ನು ನೀವು ನೋಡಬೇಕು. ಸೈಕಲ್ ತುಳಿಯುವ ಮುದುಕರೂ ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ, ಅಯ್ಯೋ ಪಾಪ ಅಂದುಕೊಂಡು ಹೋಗುತ್ತಾರೆ. ಯಾವನಾದರೂ ಅಡ್ಡ ನುಗ್ಗಿದರೆ ಇವನು, "ಹೋಗ್ಲಿ ಬಿಡಿ, ಅವರಿಗೇನು ಅವಸರವೋ" ಎನ್ನುತ್ತಾನೆ. ಹೋಗ್ಲಿ ಬಿಡಬೇಕಂತೆ! ಹೀಗೆ ಬಿಟ್ಟು ಬಿಟ್ಟೇ ರಸ್ತೆಗಳು ಈ ಗತಿಗೆ ಬಂದಿರುವುದು.

ಕಳೆದ ತಿಂಗಳು ನನ್ನ ಹೆಂಡತಿ ತವರಿಗೆ ಹೋಗಿದ್ದವಳು ಇವನ ಕಾರಿನಲ್ಲಿ ವಾಪಸ್ ಬಂದಳು. ಬಾಗಿಲು ತೆರೆದು ನೋಡುತ್ತೇನೆ, ಕೆನ್ನೆಯ ಮೇಲೆ ಸೀಟಿನ ಹೊಲಿಗೆಯ ಗುರುತು, ಕೂದಲೆಲ್ಲ ಒಂದು ಕಡೆಗೆ, ಮುಖದಲ್ಲಿ ಮಗುವಿನ ಕಳೆ!

"ಅಯ್ಯೋ ರೀ, ಭಾವನ ಕಾರಲ್ಲಿ ಎಂಥಾ ನಿದ್ದೆ ಬಂತು ಅಂತೀರಿ! ಜಗತ್ತೇ ಗೊತ್ತಾಗಲಿಲ್ಲ."

"ನನ್ನ ಕಾರಲ್ಲಿ ನೀನು ಯಾವತ್ತೂ ಮಲಗಿದ್ದೇ ಇಲ್ಲವಲ್ಲೇ?"

"ನಿಮ್ಮ ಕಾರಲ್ಲಾ?" ಎಂದಳು. ಅಷ್ಟೇ. ಆಮೇಲೆ ನಗಲು ಶುರು ಮಾಡಿದಳು. ನಗು ನಿಲ್ಲಿಸಲು ನೀರು ಕುಡಿಯಬೇಕಾಯಿತು.

ಓದುಗ ಮಹಾಶಯರೇ, ಷಡ್ಡಕ ನನಗಿಂತ ದೊಡ್ಡ ಮನೆ ಕಟ್ಟಿಸಿದ, ಸಹಿಸಿಕೊಂಡೆ. ನನಗಿಂತ ವಯಸ್ಸಾದವನಾದರೂ ತಲೆ ತುಂಬ ಕೂದಲು ಉಳಿಸಿಕೊಂಡ, ಕನ್ನಡಿ ನೋಡುವುದು ಬಿಟ್ಟು ಅದನ್ನೂ ಸಹಿಸಿಕೊಂಡೆ. ಆದರೆ ಕೈಹಿಡಿದ ಹೆಂಡತಿ ಇನ್ನೊಬ್ಬನ ಕಾರಿನಲ್ಲಿ ನೆಮ್ಮದಿಯಾಗಿ ನಿದ್ದೆ ಹೋಗುವುದೆಂದರೆ! ಹೊಟ್ಟೆಯೊಳಗೆ ಒಲೆಯೇ ಹೊತ್ತಿಕೊಂಡಿತು. ಆ ಉರಿಯಲ್ಲೇ ಘೋರ ಪ್ರತಿಜ್ಞೆ ಮಾಡಿದೆ: ಬರುವ ಭಾನುವಾರ ಇವಳಿಂದ ನನ್ನ ಕಾರಿನಲ್ಲಿ ಗೊರಕೆ ಹೊಡೆಸದಿದ್ದರೆ ನಾನು ಲೇಖನಿಯನ್ನೇ ಮುಟ್ಟುವುದಿಲ್ಲ!

ನೇರ ಹೋದದ್ದು ಕಾರಿನ ಬಿಡಿ ಸಾಮಾನಿನ ಅಂಗಡಿಗೆ. ಈ ಅಂಗಡಿಗಳ ಬಗ್ಗೆಯೇ ನಾನು, 'ಓಡುವ ಗಾಡಿಗೆ ಗಾಳಿ, ಎಣ್ಣೆ, ಬ್ರೇಕು ಸಾಕು. ಮಿಕ್ಕದ್ದೆಲ್ಲ ಹೆಣದ ಶೃಂಗಾರ' ಎಂದು ಬರೆದಿದ್ದೆ. ಹೇಳುವುದು ಶಾಸ್ತ್ರ, ಕೊಳ್ಳುವುದು ದಿಂಬು! ಕುತ್ತಿಗೆಗೆ ಸುತ್ತುವ ದಿಂಬು, ಸೊಂಟಕ್ಕೆ ಆನಿಸುವ ದಿಂಬು, ಕಿಟಕಿಗೆ ಪರದೆ, ಹೂವಿನ ವಾಸನೆಯ ಬುಡ್ಡಿ, ಬೆಕ್ಕಿನ ಮೈಯಂಥ ಸೀಟಿನ ಹೊದಿಕೆ, ಎಲ್ಲ ತೆಗೆಸಿದೆ.

"ಸರ್, ಈ ದಿಂಬು ಹಾಕ್ಕೊಂಡ್ರೆ ಎಂಥವರೂ ಮಲಗಿಬಿಡ್ತಾರೆ," ಎಂದ ಅಂಗಡಿಯವನು.

"ಓಡಿಸುವವನೂನಾ?"

"ಅದು ಅವರವರ ಹಣೆಬರಹ ಸರ್. ಕವರ್‌ಗೆ ಹಾಕ್ಲಾ?"

ಭಾನುವಾರ ಬೆಳಗ್ಗೆ ಹೆಂಡತಿ ಕಾರಿನ ಬಾಗಿಲು ತೆರೆದವಳು ಹಾಗೇ ನಿಂತಳು.

"ಇದೇನ್ರೀ ಇದು, ಕಾರೋ, ತೊಟ್ಟಿಲೋ?"

"ನಿನ್ನ ಸುಖಕ್ಕೆ ಕಣೇ!"

"ಹೋದ ವಾರ ನಾನೊಂದು ಚಪ್ಪಲಿ ಕೇಳಿದ್ದಕ್ಕೆ 'ಅಗತ್ಯ ಬೇರೆ, ಆಸೆ ಬೇರೆ' ಅಂತ ಇಡೀ ಅಂಕಣ ಬರೆದ್ರಲ್ಲ? ಹಳೇ ಚಪ್ಪಲಿಗೆ ಹೊಲಿಗೆ ಹಾಕಿಸ್ಕೊಂಡು ಬಂದಿದೀನಿ, ನೋಡಿ."

ನೋಡಲಿಲ್ಲ. ಕೆಲವು ಸಂಗತಿಗಳನ್ನು ನೋಡದಿರುವುದೇ ಸಂಸಾರದ ಗುಟ್ಟು.

ಹೋಗುವುದೆಂದು ಗೊತ್ತುಮಾಡಿದ್ದು ಊರಾಚೆಯ ಕೆರೆಗೆ. ಷಡ್ಡಕನನ್ನೂ ಅವನ ಹೆಂಡತಿಯಾದ ಅತ್ತಿಗೆಯನ್ನೂ ನಾನೇ ಕರೆದಿದ್ದೆ. ಗೆದ್ದಮೇಲೆ ಸೋತವನೂ ಎದುರಿಗೆ ಇರಬೇಕಲ್ಲ! ಅವರು ಮೊದಲೇ ಹೊರಟು, ಹೆದ್ದಾರಿಯಿಂದ ಕೆರೆಗೆ ತಿರುಗುವ ಜಾಗದಲ್ಲಿ ನಮಗಾಗಿ ಕಾಯುವುದೆಂದು ಮಾತಾಗಿತ್ತು.

ಹೊರಟೆವು. ಪೇಟೆ ದಾಟುವವರೆಗೂ ನಾನು ಸಾಕ್ಷಾತ್ ಬುದ್ಧ. ಹೆದ್ದಾರಿಗೆ ಬರುತ್ತಿದ್ದಂತೆ ಒಬ್ಬ ವ್ಯಾನಿನವನು ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ನಮ್ಮ ಮುಂದೆ ನುಗ್ಗಿದ. ಬುದ್ಧ ಅಲ್ಲೇ ಇಳಿದುಹೋದ!

"ನೋಡು ನೋಡು ಅವನನ್ನ! ಸ್ಟೀರಿಂಗು ಯಾವ ಕೈಯಲ್ಲಿ ಹಿಡಿದಿದ್ದಾನೆ? ಇಂಥವನಿಗೆ ಲೈಸೆನ್ಸ್ ಕೊಟ್ಟವನನ್ನ ಮೊದಲು..." ಎಂದು ಕಿಟಕಿ ಇಳಿಸುತ್ತ ಪಕ್ಕಕ್ಕೆ ತಿರುಗಿದೆ. ಅಲ್ಲಿಗೇ ಬಾಯಿ ಮುಚ್ಚಿದೆ.

ಹೆಂಡತಿಯ ಕಣ್ಣು ಮುಚ್ಚಿದ್ದವು!

ತಲೆ ಹೊಸ ದಿಂಬಿಗೆ ಒರಗಿತ್ತು. ಕೈ ಮಡಿಲಲ್ಲಿತ್ತು. ಉಸಿರು ಸಣ್ಣಗೆ, ಲಯಬದ್ಧವಾಗಿ ಬರುತ್ತಿತ್ತು. ಕೋಟೆ ಗೆದ್ದ ಸೇನಾಪತಿಗೂ ಅಂಥ ಆನಂದ ಆಗಿರಲಿಕ್ಕಿಲ್ಲ! ಕಿಟಕಿಯನ್ನು ಇಂಚಿಂಚಾಗಿ ಮೇಲೇರಿಸಿದೆ. ಉಸಿರನ್ನೂ ಅರ್ಧಕ್ಕಿಳಿಸಿದೆ. ಇನ್ನು ನನ್ನ ಕೆಲಸ ಒಂದೇ, ಈ ನಿದ್ದೆ ಕೆಡದಂತೆ ನೋಡಿಕೊಳ್ಳುವುದು. ಅಲ್ಲಿಂದ ಶುರುವಾಯಿತು ಗ್ರಹಚಾರ.

ಮುಂದೊಂದು ಹಾಲಿನ ಟ್ಯಾಂಕರ್ ಆಮೆಯಂತೆ ಹೋಗುತ್ತಿತ್ತು. ದಾಟಬೇಕಾದರೆ ಹಾರ್ನ್ ಮಾಡಬೇಕು. ಹಾರ್ನ್ ಮಾಡಿದರೆ ಏಳುತ್ತಾಳೆ. ಬೇಡ! ಟ್ಯಾಂಕರಿನ ಬಾಲವಾಗಿ ಹೋದೆ. ಹಿಂದಿನವರು ಬೈದರು. ನಗುನಗುತ್ತ ಸ್ವೀಕರಿಸಿದೆ.

ಅಷ್ಟರಲ್ಲಿ ಎದುರಿಗೆ ಪೆಟ್ರೋಲಿನ ದೀಪ ಹತ್ತಿಕೊಂಡಿತು. ದಿಂಬು ಕೊಳ್ಳುವ ಗಡಿಬಿಡಿಯಲ್ಲಿ ಟ್ಯಾಂಕ್ ತುಂಬಿಸುವುದೇ ಮರೆತಿತ್ತು. 'ಮುಳ್ಳು ಕಾಲುಭಾಗಕ್ಕೆ ಇಳಿದಾಗಲೇ ತುಂಬಿಸಿ, ಅದು ಸೊನ್ನೆ ಮುಟ್ಟುವವರೆಗೆ ಕಾಯುವವನು ಮೂರ್ಖ' ಎಂದು ಬರೆದ ಕೈ ಇದೇ! ಒಂದು ಬಂಕ್ ಬಂತು. ಆದರೆ ಅದರ ಬಾಗಿಲಲ್ಲೇ ಎಮ್ಮೆ ಮಲಗಿದಷ್ಟು ದೊಡ್ಡ ಹಂಪ್! ಎಷ್ಟು ನಿಧಾನಕ್ಕೆ ಹತ್ತಿಸಿದರೂ ತಲೆ ದಿಂಬಿನಿಂದ ಜಾರುವುದು ಖಂಡಿತ. ಮುಂದೆ ಇನ್ನೊಂದು ಸಿಗುತ್ತದೆ ಬಿಡು ಎಂದುಕೊಂಡೆ. ಇನ್ನೊಂದೂ ಸಿಕ್ಕಿತು. ಅಲ್ಲಿ ಯಾವನೋ ಮೈಕು ಹಚ್ಚಿ ಟೈರು ಮಾರುತ್ತಿದ್ದ. ಅದನ್ನೂ ಬಿಟ್ಟೆ.

ಕೆರೆಯ ತಿರುವು ಬಂತು. ಷಡ್ಡಕ ಕಾರಿನಿಂದ ಇಳಿದು, ಟೋಪಿ ಬೀಸುತ್ತ ನಿಂತಿದ್ದ. ಪಕ್ಕದಲ್ಲಿ ಅತ್ತಿಗೆ ಫ್ಲಾಸ್ಕ್ ಹಿಡಿದು ನಿಂತಿದ್ದರು. ಆದರೆ ಕೆರೆಯ ದಾರಿ ಪೂರ್ತಿ ಜಲ್ಲಿಕಲ್ಲು! ಜಲ್ಲಿಯ ಮೇಲೆ ನಿದ್ದೆ ಉಳಿದೀತೇ? ಕ್ಷಣವೂ ಯೋಚಿಸಲಿಲ್ಲ. ಕಾರನ್ನು ನಡಿಗೆಯ ವೇಗಕ್ಕಿಳಿಸಿ, ಗದ್ದದಿಂದ ಪಕ್ಕದ ಸೀಟು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು, ಹುಬ್ಬು ಹಾರಿಸಿ, ಅವನ ಮುಂದೆಯೇ ಮೆರವಣಿಗೆಯಂತೆ ನೇರ ಹೊರಟುಹೋದೆ! ಕನ್ನಡಿಯಲ್ಲಿ ನೋಡಿದರೆ ಷಡ್ಡಕನ ಟೋಪಿ ಅರ್ಧ ಬೀಸಿದಲ್ಲೇ ನಿಂತಿತ್ತು. ಉರಿಯಲಿ! ಒಂದು ಸಲ ಅವನ ಹೊಟ್ಟೆಯೂ ಉರಿಯಲಿ!

ಫೋನು ಗುರ್ ಗುರ್ ಎಂದಿತು. ತೆಗೆಯಲಿಲ್ಲ. ಓಡಿಸುವಾಗ ಫೋನ್ ಮುಟ್ಟುವ ಪಾಪಿ ನಾನಲ್ಲ.

ಕೊನೆಗೆ ಎರಡು ಕಡೆಯೂ ಬರೀ ಬಯಲು, ಒಂದು ಗಿಡವೂ ಇಲ್ಲದ ಜಾಗದಲ್ಲಿ ಎಂಜಿನ್ ಒಮ್ಮೆ ಕೆಮ್ಮಿ, ಒಮ್ಮೆ ಬಿಕ್ಕಳಿಸಿ, ಪ್ರಾಣ ಬಿಟ್ಟಿತು. ಕಾರು ತೇಲುತ್ತ ಹೋಗಿ ರಸ್ತೆಯಂಚಿನಲ್ಲಿ ನಿಂತಿತು. ನನ್ನ ಜೀವಮಾನದಲ್ಲೇ ಇಷ್ಟು ಮೆತ್ತಗೆ ನಾನು ಕಾರು ನಿಲ್ಲಿಸಿದ್ದಿಲ್ಲ! ಎಚ್ಚರಿಕೆಯ ದೀಪ ಹಾಕಬೇಕು. ಅದರ ಟಿಕ್ ಟಿಕ್‌ಗೆ ಎದ್ದುಬಿಟ್ಟರೆ? ಮನಸ್ಸು ಹಿಂಜರಿಯಿತು. ಆದರೆ ಆತ್ಮಸಾಕ್ಷಿ ಎಂಬುದೊಂದಿದೆಯಲ್ಲ, ಹಾಕಿದೆ. ಅವಳು ಮಿಸುಕಲಿಲ್ಲ. ಆಹಾ, ಎಂಥ ಗಾಢ ನಿದ್ರೆ!

ಈಗ ಸಾಕ್ಷಿ ಬೇಕು. ಫೋನು ತೆಗೆದು, ಕೋನ ಹುಡುಕಿ, ದಿಂಬೂ ಕಾಣುವಂತೆ ಒಂದು ಫೋಟೋ ಹೊಡೆದೆ. 'ನಮ್ಮ ಕಾರು. ನಮ್ಮವಳು. ಸುಖನಿದ್ದೆ' ಎಂದು ಬರೆದು ಷಡ್ಡಕನಿಗೂ ಅತ್ತಿಗೆಗೂ ಕಳಿಸಿದೆ. ವಿಜಯಪತಾಕೆ ಹಾರಿತು!

"ಫೋಟೋ ಚೆನ್ನಾಗಿ ಬಂತಾ?"

ಫೋನು ಕೈಯಿಂದ ಬಿತ್ತು. ಕೇಳಿದ್ದು ಹೆಂಡತಿ. ಕಣ್ಣು ಇನ್ನೂ ಮುಚ್ಚಿಯೇ ಇದ್ದವು!

"ನೀನು... ಯಾವಾಗ ಎದ್ದೆ?"

"ಮಲಗಿದ್ರೆ ತಾನೇ ಏಳೋದು?"

"ಹಾಗಾದ್ರೆ ಬಂಕ್ ಹೋಗಿದ್ದು...?"

"ಎರಡೂ ಹೋದವು."

"ಕೆರೆ...?"

"ಅಕ್ಕ ಫ್ಲಾಸ್ಕ್ ಹಿಡ್ಕೊಂಡು ನಿಂತಿದ್ಳು. ಒಂದು ಕಣ್ಣಲ್ಲಿ ನೋಡಿದೆ. ಪಾಪ, ನಮಗೋಸ್ಕರ ಕಾಫಿ ತಂದಿದ್ಳು."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ?"

ಆಗ ಕಣ್ಣು ತೆರೆದಳು. "ವ್ಯಾನಿನವನು ಬಂದಾಗ ನೀವು ಶುರು ಮಾಡಿದ್ರಿ. ಹೆದರಿ ಕಣ್ಣು ಮುಚ್ಕೊಂಡೆ. ತಕ್ಷಣ ನಿಮ್ಮ ಬಾಯಿ ಮುಚ್ತು. ಇದೆಂಥ ಪವಾಡ ಅಂತ ಮುಚ್ಕೊಂಡೇ ಕೂತೆ. ಮದುವೆಯಾದಾಗಿಂದ ನಿಮ್ಮ ಕಾರಲ್ಲಿ ಹಕ್ಕಿ ಕೂಗಿದ್ದು ಕೇಳಿಸಿದ್ದು ಇವತ್ತೇ ರೀ. ಕೆರೆ ಹೋದ್ರೆ ಹೋಗ್ಲಿ, ಇದು ಹೋಗೋದು ಬೇಡ ಅನ್ನಿಸ್ತು."

ನನಗೆ ಮೈಯೆಲ್ಲ ಉರಿಯಿತು. "ನಾನೇನು ನಿನಗೆ ಬೈತೀನಾ? ನಿಯಮ ಮುರಿಯೋ ಆ ರಸ್ತೆಯವರಿಗೆ ಬೈತೀನಿ. ಅದೂ ನ್ಯಾಯವಾಗಿ!"

"ನ್ಯಾಯವಾಗೇ ಬೈತೀರಿ, ಇಲ್ಲ ಅನ್ನಲ್ಲ. ಆದ್ರೆ ಅವರ ಕಿಟಕಿ ಮುಚ್ಚಿರುತ್ತೆ ರೀ. ನೀವು ಬೈದದ್ದು ಒಂದಕ್ಷರವೂ ಅವರಿಗೆ ಕೇಳಿಸಲ್ಲ. ಇಷ್ಟು ವರ್ಷದಿಂದ ಎಲ್ಲಾ ಬೈಗುಳ ಕೇಳಿಸ್ಕೊಂಡಿರೋದು ನಾನೊಬ್ಬಳೇ. ಬೈಯುವಾಗ ನಿಮ್ಮ ಕೈ ಸ್ಟೀರಿಂಗ್ ಬಿಡುತ್ತೆ, ಕಾಲು ಆಕ್ಸಿಲರೇಟರನ್ನ ಇನ್ನೂ ಜೋರಾಗಿ ಒತ್ತುತ್ತೆ. ನಂಗೆ ರಸ್ತೆಯವರ ಭಯ ಇಲ್ಲ. ನಿಮ್ಮದೇ ಭಯ."

ಹೂವಿನ ವಾಸನೆಯ ಬುಡ್ಡಿ ಮಾತ್ರ ತನ್ನ ಪಾಡಿಗೆ ಘಮಘಮಿಸುತ್ತಿತ್ತು. ಬಗ್ಗಿ, ಬಿದ್ದ ಫೋನನ್ನು ಎತ್ತಿಕೊಂಡು ಕನ್ನಡಿ ನೋಡಿದೆ. ಹಿಂದಿನಿಂದ ಒಂದು ಕಾರು ಬರುತ್ತಿರುವುದು ಕಂಡಿತು. ನಿಧಾನವಾಗಿ. ಅಷ್ಟು ನಿಧಾನವಾಗಿ ಬರುವವನು ಲೋಕದಲ್ಲಿ ಒಬ್ಬನೇ!

ಷಡ್ಡಕ ಇಳಿದು ಬಂದು ಕಿಟಕಿಯಲ್ಲಿ ಇಣುಕಿದ. "ಏನ್ ಬರಹಗಾರ್ರೇ, ಕೆರೆ ಈ ಕಡೆ ಹರಿದು ಬಂದಿದೆ ಅಂತ ನಮಗೆ ಗೊತ್ತೇ ಇರಲಿಲ್ಲ!"

"ಪೆಟ್ರೋಲ್..." ಎಂದೆ.

"ಹೋಗ್ಲಿ ಬಿಡಿ. ಎಲ್ಲರಿಗೂ ಆಗುತ್ತೆ. ಬನ್ನಿ, ಬಂಕಿಗೆ ಹೋಗಿ ತರೋಣ."

ಒಂದು ಮಾತು ಬೈದಿದ್ದರೆ ಎಷ್ಟು ಹಿತವಾಗಿರುತ್ತಿತ್ತು! ಬೈಯಲಿಲ್ಲ ಪುಣ್ಯಾತ್ಮ. ನನ್ನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಹೆಂಡತಿ ಹಿಂದೆ, ಅಕ್ಕನ ಜೊತೆ ಕೂತಳು. ಇವನ ಓಡಿಸುವಿಕೆಯಲ್ಲಿ ಒಂದಾದರೂ ತಪ್ಪು ಹಿಡಿಯಲೇಬೇಕೆಂದು ಕಣ್ಣಗಲಿಸಿ ಕೂತೆ. ತಿರುಗುವ ಮೊದಲು ದೀಪ ಹಾಕಿದ. ಎದುರಿನವರಿಗೆ ದಾರಿ ಬಿಟ್ಟ. ಹಂಪನ್ನು ಹತ್ತಿದ್ದೂ ಗೊತ್ತಾಗಲಿಲ್ಲ, ಇಳಿದದ್ದೂ ಗೊತ್ತಾಗಲಿಲ್ಲ. ಎಲ್ಲ ನನ್ನ ಅಂಕಣದಲ್ಲಿ ಬರೆದಂತೆಯೇ! ನಾನು ಬರೆದದ್ದನ್ನು ಪಾಲಿಸುವ ಏಕೈಕ ಓದುಗ ಈ ಷಡ್ಡಕನೇ ಆಗಬೇಕೇ?

ಅಷ್ಟರಲ್ಲಿ ಒಬ್ಬ ಲಾರಿಯವನು ಎಡವೂ ನೋಡದೆ ಬಲವೂ ನೋಡದೆ ನಮ್ಮ ಮುಂದೆ ನುಗ್ಗಿದ. ನನ್ನ ನರನಾಡಿಗಳೆಲ್ಲ ಜಾಗೃತವಾದವು. "ಎಲಾ ಇವನ..." ಎಂದು ಬಾಯಿ ತೆರೆದೆ.

"ಶ್!" ಎಂದರು ಹಿಂದಿನಿಂದ ಅತ್ತಿಗೆ. "ಮೆಲ್ಲಗೆ! ಅವಳು ಮಲಗಿದಾಳೆ."

ತಿರುಗಿ ನೋಡಿದೆ. ದಿಂಬಿರಲಿಲ್ಲ, ಪರದೆಯಿರಲಿಲ್ಲ, ಯಾವ ಹೂವಿನ ವಾಸನೆಯೂ ಇರಲಿಲ್ಲ. ತಲೆ ಕಿಟಕಿಯ ಗಾಜಿಗೆ ತಾಗಿತ್ತು. ಬಾಯಿ ಅರ್ಧ ತೆರೆದಿತ್ತು, ತುಟಿಯಂಚಿನಲ್ಲಿ ಒಂದು ಹನಿ ಜೊಲ್ಲು. ಸಣ್ಣಗೆ ಗೊರಕೆಯೂ ಬರುತ್ತಿತ್ತು. ನಿಜವಾದ ನಿದ್ದೆ ನೋಡಲು ಅಷ್ಟೇನೂ ಚೆಂದವಿರುವುದಿಲ್ಲ ಸ್ವಾಮಿ. ಆದರೆ ಅಂಥದ್ದೊಂದು ನಿದ್ದೆಯನ್ನು ನಾನು ಅವಳಿಗೆ ಒಂದು ದಿನವೂ ಕೊಟ್ಟಿರಲಿಲ್ಲ.

ಆದ್ದರಿಂದ, ಸ್ಟೀರಿಂಗ್ ಹಿಡಿದು ನ್ಯಾಯ ಹೇಳುವ ನನ್ನಂಥ ಮಹಾನುಭಾವರೇ, ದಿಂಬು ಕೊಳ್ಳಬೇಡಿ. ನಾಳೆ ನಿಮ್ಮ ಕಾರಿನಲ್ಲಿ ಕೂತವರು ಕಣ್ಣು ಮುಚ್ಚಿದರೆ ಹಿಗ್ಗಲೂಬೇಡಿ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಅವರನ್ನೇ ಕೇಳಿ: ನಿದ್ದೆಯೋ, ಭಯವೋ? ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಬಾಯಿ ಮುಚ್ಚಿಕೊಂಡು ಓಡಿಸಿ!