ಪ್ರತಿ: ಸಂಬಂಧಪಟ್ಟವರಿಗೆ

ಹೆಡ್‌ಕ್ಲರ್ಕ್ ಸಾಹೇಬರು ಬೆಳಿಗ್ಗೆಯೇ ಫೋನನ್ನು ಥಟ್ಟನೆ ದಿಂಬಿನಡಿ ತುರುಕಿದರು. ಲೈಬ್ರರಿ ಆ್ಯಪಿನಲ್ಲಿ ಅವರು ಎರವಲು ಪಡೆದ ಇ-ಪುಸ್ತಕಗಳೆಲ್ಲ 'ನೀವು ಓದಿದ್ದು' ಎಂಬ ತಲೆಬರಹದ ಕೆಳಗೆ ಸಾಲಾಗಿ ಕೂತಿದ್ದವು. ಮೊದಲನೆಯದೇ 'ನೆಂಟರನ್ನು ನಯವಾಗಿ ಸಾಗಹಾಕುವ ನಲವತ್ತು ಉಪಾಯಗಳು'. ನೆಂಟರು ಅಂದರೆ ಅತ್ತೆ. ಬಂದು ಐದು ವಾರ. ಲೈಬ್ರರಿ ಕಾರ್ಡು ಹೆಂಡತಿಯದು. ಅವಳೇನಾದರೂ ನೋಡಿಬಿಟ್ಟರೆ ಮನೆಯಿಂದ ಸಾಗುವವರು ಯಾರು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ನೇರ ಲೈಬ್ರರಿಗೆ ಹೋಗಿ ಮೇಜು ಗುದ್ದಿದರು. "ಓದುಗನಿಗೆ ಗೌಪ್ಯತೆ ಅನ್ನೋದು ಬೇಡ್ವೇನ್ರೀ? ನಾನು ಮುಚ್ಚಿಡೋ ಅಂಥದ್ದೇನೂ ಓದಿಲ್ಲ!" (ಓದಿದ್ದಾರೆಂದು ಯಾರೂ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ.)

"ಖಂಡಿತ ಬೇಕು ಸಾರ್," ಎಂದಳು ಲೈಬ್ರರಿಯಮ್ಮ. "ಆ್ಯಪಲ್ಲೇ ಅಳಿಸೋ ಬಟನ್ ಇದೆ. ಒತ್ತಿದ್ರೆ ಮುಗೀತು."

ಬಟನ್ನಂತೆ! ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿದವರು ಬಟನ್ ನಂಬುವುದುಂಟೇ? ಅರ್ಜಿ ಕೊಟ್ಟರೆ ತಾನೇ ಕೆಲಸವಾಗುವುದು! (ಆಗದಿದ್ದರೂ ಕೊಟ್ಟ ಸಮಾಧಾನವಿರುತ್ತದೆ.) ಅಲ್ಲೇ ಕೂತು ಬರೆದರು. ವಿಷಯ, ಉಲ್ಲೇಖ, ಅಳಿಸಬೇಕಾದ ಪುಸ್ತಕದ ಹೆಸರು, ಓದಿದ ಉದ್ದೇಶ, ಪ್ರಯೋಗಿಸಿದ ಉಪಾಯಗಳು, ಅವುಗಳ ಫಲಿತಾಂಶ, ಒಂದನ್ನೂ ಬಿಡಲಿಲ್ಲ. ಕೊನೆಗೆ ಕೈ ತಾನಾಗಿಯೇ ಗೀಚಿತು: 'ಪ್ರತಿ: ಸಂಬಂಧಪಟ್ಟವರಿಗೆ, ಮಾಹಿತಿಗಾಗಿ.' ಆ ಸಾಲಿಲ್ಲದ ಕಾಗದ ಅವರ ಕೈಯಿಂದ ಇವತ್ತಿನವರೆಗೆ ಹೊರಟದ್ದಿಲ್ಲ.

"ಸಂಬಂಧಪಟ್ಟವರು ಅಂದ್ರೆ ಕಾರ್ಡಿನವರು ತಾನೇ ಸಾರ್?"

"ನಿಯಮ ಹೇಗಿದ್ಯೋ ಹಾಗೆ ಮಾಡಿ!" ಎಂದು ಗತ್ತಿನಿಂದ ಎದ್ದುಬಂದರು.

ಸಂಜೆ ಮನೆಗೆ ಬಂದರೆ ಹೆಂಡತಿ ಫೋನ್ ಹಿಡಿದು ತಾಯಿಗೆ ಓದಿ ಹೇಳುತ್ತಿದ್ದಳು. "'ಏಳನೇ ಉಪಾಯ. ಫ್ಯಾನ್ ಕೆಟ್ಟಿದೆ ಎನ್ನುವುದು. ಪ್ರಯೋಗಿಸಲಾಗಿದೆ, ಫಲಿಸಿರುವುದಿಲ್ಲ.' ಏನ್ರೀ ಇದು? ಅಮ್ಮ ಹದಿನೈದು ದಿನ ಪೇಪರಲ್ಲಿ ಗಾಳಿ ಬೀಸ್ಕೊಂಡಳಲ್ರೀ!"

"ಅದು ನಿನಗೆ ಹೇಗೆ..."

"'ಸಂಬಂಧಪಟ್ಟವರಿಗೆ' ಅಂತ ನೀವೇ ಬರ್ದಿದ್ದೀರಲ್ಲ, ಲೈಬ್ರರಿಯವ್ರು ನನಗೇ ಕಳಿಸಿದ್ರು! ನನಗಿಂತ ಸಂಬಂಧಪಟ್ಟವರು ಬೇರೆ ಯಾರಾದ್ರೂ ಇದ್ರೆ ಅದನ್ನೂ ಹೇಳ್ಬಿಡಿ!"

ಸಾಹೇಬರು ಮೆಲ್ಲಗೆ ಬಾಗಿಲ ಕಡೆ ಸರಿದರು.

"ಬಿಡೇ, ಪಾಪ," ಎಂದರು ಅತ್ತೆ, ಕುರ್ಚಿಯಲ್ಲಿ ಇನ್ನಷ್ಟು ಹಾಯಾಗಿ ಒರಗಿ. "ಅಳಿಯಂದ್ರೇ, ನನಗೆ ಸಣ್ಣಕ್ಷರ ಕಾಣಲ್ಲ. ದಿನಕ್ಕೊಂದು ಉಪಾಯ ನೀವೇ ಗಟ್ಟಿಯಾಗಿ ಓದಿ ಹೇಳಿ. ನಲವತ್ತೂ ಮುಗಿಸ್ಕೊಂಡೇ ಹೋಗ್ತೀನಿ. ಹೂಂ, ಫ್ಯಾನ್ ಹಾಕಿ, ಶುರು ಮಾಡಿ."