ಹಸು ಕೊಟ್ಟು ತಂದ ಮನೆಬಂಡಿ

ನನ್ನ ಸೋದರತ್ತೆ ಹಾಲು ಕರೆಯುವ ಹಸುವನ್ನು ಕೊಟ್ಟು ಓಡದ ಬಸ್ಸನ್ನು ಮನೆಗೆ ತಂದವಳು! ಈ ಮಾತನ್ನು ಬಂಗಾರಪೇಟೆಯ ಯಾವ ಹೋಟೆಲಿನಲ್ಲಿ ಕೂತು ಹೇಳಿದರೂ ಜನ ನಗುತ್ತಾರೆ, ನನಗೊಂದು ಟೀ ಕೊಡಿಸುತ್ತಾರೆ. ಅತ್ತೆಯ ಹುಚ್ಚಿನಿಂದ ಲಾಭ ಕಂಡವನು ನಾನೊಬ್ಬನೇ ಇರಬೇಕು. ಉಳಿದವರೆಲ್ಲ ಏನನ್ನಾದರೂ ಕಳೆದುಕೊಂಡವರೇ.

ಬಸ್ಸು ಎಂದೆನಲ್ಲ, ಅದು ಪೂರಾ ಬಸ್ಸೂ ಅಲ್ಲ. ಒಳಗೆ ಮಂಚ, ಒಲೆ, ಕೈ ತೊಳೆಯಲು ಒಂದು ಬೋಗುಣಿ, ಬಟ್ಟೆ ಇಡಲು ಗೂಡು ಎಲ್ಲ ಇರುವ, ಚಕ್ರದ ಮೇಲಿನ ಮನೆ. ಎಂದೋ ಯಾರೋ ವಿದೇಶೀಯರು ಅದರಲ್ಲೇ ಉಂಡು, ಅದರಲ್ಲೇ ಮಲಗಿ ದೇಶದೇಶ ಸುತ್ತಿಕೊಂಡು ಬಂದವರು, ಬಂಗಾರಪೇಟೆಯ ಹತ್ತಿರ ಎಂಜಿನ್ ಕೈಕೊಟ್ಟಾಗ ಒಂದು ಶೆಡ್ಡಿನಲ್ಲಿ ನಿಲ್ಲಿಸಿ ರೈಲು ಹತ್ತಿದರಂತೆ. ಅವರೂ ತಿರುಗಿ ಬರಲಿಲ್ಲ, ಬಂಡಿಯೂ ಅಲ್ಲಾಡಲಿಲ್ಲ. ಶೆಡ್ಡಿನ ಯಜಮಾನರ ಕೋಳಿಗಳು ಆ ಮಂಚದ ಮೇಲೆ ಎಷ್ಟು ತಲೆಮಾರು ಸಂಸಾರ ಮಾಡಿದ್ದವೋ ದೇವರೇ ಬಲ್ಲ. ಅತ್ತೆ ಅಲ್ಲಿಗೆ ಹೋದದ್ದು ಹಸುವಿಗೆ ಹಿಂಡಿ ತರಲು. ತಂದದ್ದು ಹಿಂಡಿಯನ್ನಲ್ಲ!

ಯಾಕೆ ಬೇಕಿತ್ತು ಈ ಉಸಾಬರಿ ಎಂದು ಕೇಳುತ್ತೀರಿ. ನಾನೂ ಕೇಳಿದ್ದೆ. ಅತ್ತೆ ಇದ್ದದ್ದು ಕೆಜಿಎಫ್‌ನ ಮೈಸೂರು ಮೈನ್ಸ್‌ನಲ್ಲಿ, ಗಣಿ ಕೆಲಸಗಾರರ ಹಳೆಯ ಸಾಲುಮನೆಯಲ್ಲಿ. ಮಾವ ಗಣಿ ಮುಚ್ಚುವವರೆಗೂ ನೆಲದಡಿಯಲ್ಲಿ ಬಂಡೆ ಕೊರೆದವರು. ಚಿನ್ನ ಯಾರ ಮನೆಗೆ ಹೋಯಿತೋ, ಕಲ್ಲಿನ ಧೂಳು ಮಾತ್ರ ಮಾವನ ಎದೆಯಲ್ಲೇ ಉಳಿಯಿತು. ಅದು ಸಾಲದೆಂಬಂತೆ ಆಷಾಢದ ಗಾಳಿ ಎದ್ದರೆ ಚಿನ್ನ ತೆಗೆದು ಉಳಿದದ್ದನ್ನು ಸುರಿದ ಸೈನೈಡ್ ಗುಡ್ಡದ ಬಿಳಿ ಪುಡಿ ಅನ್ನದ ತಟ್ಟೆಗೂ ಬಂದು ಬೀಳುತ್ತಿತ್ತು. ಡಾಕ್ಟರು ಅತ್ತೆಯನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಗಾಳಿಗಾಲ ಇಲ್ಲೇ ಕಳೆದರೆ ಇವರು ಉಳಿಯುವುದಿಲ್ಲಮ್ಮ" ಎಂದುಬಿಟ್ಟಿದ್ದರು.

ಅತ್ತೆ ಬಂಗಾರಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿದಳು. ಬೀದಿ ಬೀದಿಗೂ 'ಮನೆ ಖಾಲಿ ಇದೆ' ಎಂಬ ಬೋರ್ಡು. ಮಾವ ಹೊಸ್ತಿಲ ಬಳಿ ನಿಂತು ಒಂದೇ ಒಂದು ಸಲ ಕೆಮ್ಮುತ್ತಿದ್ದರು, ಆ ಕ್ಷಣವೇ ಮನೆ ಭರ್ತಿ! ಇದು ಅಂಟುರೋಗವಲ್ಲ ಎಂದು ಅತ್ತೆ ಗಂಟಲು ಹರಿಯುವಂತೆ ಹೇಳಿದರೂ ಯಾರೂ ಕೇಳಲಿಲ್ಲ. ನಿನ್ನ ಮನೆಯಲ್ಲೊಂದು ರೂಮು ಇರಲಿಲ್ಲವೇನಯ್ಯಾ ಎಂದು ನೀವು ನನ್ನನ್ನು ಕೇಳಬಹುದು. ಇತ್ತು. ಅದರಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ನು ಇತ್ತು, ಅಕ್ಕಿ ಮೂಟೆ ಇತ್ತು, ಮಗಳ ಪರೀಕ್ಷೆ ಬೇರೆ ಇತ್ತು. ದಯವಿಟ್ಟು ಮುಂದಕ್ಕೆ ಹೋಗೋಣ.

ನಾನು ತಾಲ್ಲೂಕು ಕಚೇರಿಯ ಮುಂದೆ ಮರದಡಿ ಕೂತು ಕರಾರು ಪತ್ರ, ಅರ್ಜಿ ಬರೆದುಕೊಡುವವನು. ಅಂದಮೇಲೆ ಬಂಡಿಯ ಕಾಗದ ಬರೆಯುವ ಪುಣ್ಯವೂ ನನ್ನದೇ. ಶೆಡ್ಡಿನ ಯಜಮಾನರು ತೆಲುಗಿನವರು. ಬಂಡಿಗೆ ಏನು ಕೊಡಬೇಕೆಂದು ಕೇಳಿದಾಗ ಅವರು, "ಒಕ ಆವು, ರೋಜೂ ಪಾಲು. ಅಂತೇ!" ಎಂದರು. ಒಂದು ಹಸು, ಮತ್ತೆ ಅತ್ತೆಯ ಬಳಿ ಉಳಿಯುವ ಇನ್ನೊಂದು ಹಸುವಿನ ಹಾಲು ದಿನವೂ, ಅಷ್ಟೇ. ತೆಲುಗಿನಲ್ಲಿ ಪಾಲು ಎಂದರೆ ಹಾಲು, ಈ ಕಡೆ ಹುಟ್ಟಿದ ಕರುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಕೈ ಅಭ್ಯಾಸಬಲದಿಂದ ಓಡುತ್ತಿತ್ತು ನೋಡಿ! ಎಷ್ಟು ವಿಭಾಗಪತ್ರ ಬರೆದ ಕೈ ಅದು! "ಬಂಡಿಯ ಬಾಬ್ತು ಒಂದು ಹಸುವನ್ನೂ ಪಾಲನ್ನೂ ಕೊಡತಕ್ಕದ್ದು" ಎಂದು ಅಚ್ಚ ಕನ್ನಡದಲ್ಲಿ ಬರೆದು, ಅತ್ತೆಯ ಹೆಬ್ಬೆಟ್ಟು ಒತ್ತಿಸಿ, ನಾನೇ ಸಾಕ್ಷಿ ಹಾಕಿದೆ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಸಾಲುಮನೆಯ ಮುಂದೆ ನಿಲ್ಲಿಸಿದ ಬಂಡಿಯನ್ನು ನೋಡಲು ಮೆಕ್ಯಾನಿಕ್ ಸೆಲ್ವಣ್ಣ ಬಂದ. ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬೆರಳಿನಿಂದ ಬಾಗಿಲನ್ನು ಒತ್ತಿದ. ಬೆರಳು ಒಳಗೆ ಹೋಯಿತು!

"ಅಕ್ಕಾ, ಇದು ವಂಡಿಯೇ ಇಲ್ಲೆ. ಬರೀ ತುಕ್ಕು. ಮೇಲೆ ಪೈಂಟ್ ಐತಲ್ಲಾ, ಅದು ಇಡ್ಕೊಂಡು ನಿಂತೈತೆ."

"ತುಕ್ಕು ಕೆರೆದ್ರೆ ಏನ್ ಉಳೀತೈತೆ?" ಎಂದಳು ಅತ್ತೆ.

"ಸ್ಟೇರಿಂಗ್ ಉಳೀತೈತೆ."

"ಸಾಕು. ಮಿಕ್ಕಿದ್ದು ನಾವು ಸೇರ್ಸನ."

ಆ 'ಮಿಕ್ಕಿದ್ದು' ಎಂಬ ಮೂರಕ್ಷರಕ್ಕೆ ಅತ್ತೆಯ ಮನೆಯೇ ಸೇರಿಹೋಯಿತು. ನೆಲಕ್ಕೆ ತಗಡು ಬೇಕೆಂದಾಗ ಅವಳು ಕ್ಯಾಸಂಬಳ್ಳಿಯ ತವರಿನಿಂದ ಮದುವೆಗೆ ತಂದಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಸೆಲ್ವಣ್ಣ ಕತ್ತರಿಸಿದ. ಬಾಗಿಲಿಗೆ ನೀರಿನ ಡ್ರಮ್ಮು ಹೋಯಿತು. ಹಿಂದಿನ ಗೋಡೆಗೆ ಬೀರುವಿನ ಬಾಗಿಲು ಹೋಯಿತು, ಕನ್ನಡಿಯ ಸಮೇತ. ಬಂಡಿಯ ಹಿಂದೆ ಬರುವ ಎಮ್ಮೆಗಳು ತಮ್ಮ ಮುಖ ನೋಡಿಕೊಳ್ಳುವಂತಾಯಿತು! ಅತ್ತ ಬಂಡಿ ತುಂಬಿದಂತೆಲ್ಲ ಇತ್ತ ಮನೆ ಬರಿದಾಗಿ, ಕೊನೆಗೆ ಅತ್ತೆ ಬಟ್ಟೆಗಳನ್ನು ಹಗ್ಗದ ಮೇಲೆ ನೇತುಹಾಕಿ ಬದುಕತೊಡಗಿದಳು. ನನ್ನ ಭಾನುವಾರಗಳೂ ಅದರೊಳಗೇ ಹೋದವು. ತುಕ್ಕು ಕೆರೆಯುವ ಕೆಲಸ ನನ್ನದು. ಮಾವನಿಗೆ ಆ ಪುಡಿ ತಾಗಬಾರದೆಂದು ಅತ್ತೆ ಅವರನ್ನು ನಾಲ್ಕು ಮನೆಯಾಚೆ ಕೂರಿಸುತ್ತಿದ್ದಳು. ನನ್ನ ಎದೆಯ ಚಿಂತೆ ಯಾರಿಗೂ ಇರಲಿಲ್ಲ!

ಹಲ್ಲಿನ ವಿಚಾರ ಹೇಳಲೇಬೇಕು. ಆ ಎಂಜಿನ್ನಿಗೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಸೆಲ್ವಣ್ಣ ತಿರುಗಿಸಿ ಸೋತ, ನಾನು ತಿರುಗಿಸಿ ಸೋತೆ. "ಸರೀರಿ ಗಂಡಸ್ರಾ" ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದಳು. ಎಂಜಿನ್ ಆ ಹೊತ್ತಿಗೇ ಎಚ್ಚರಾಗಬೇಕೆ! ಹ್ಯಾಂಡಲ್ ಹಿಂದಕ್ಕೆ ಒದೆದು ಅವಳ ಮುಂದಿನ ಎರಡು ಹಲ್ಲುಗಳನ್ನು ಕಿತ್ತುಕೊಂಡಿತು. ಬಾಯಿತುಂಬ ರಕ್ತ. ನಾನು ಆಟೋ ತರಲು ಓಡಿದೆ. ಅವಳು ರಕ್ತ ಉಗಿದು, ಗಡಗಡ ಎನ್ನುತ್ತಿದ್ದ ಎಂಜಿನ್ನಿಗೆ ಕೈಮುಗಿದು ನಿಂತಿದ್ದಳು.

"ಅಲ್ಲು ಓಯ್ತಲ್ಲೇ ಅತ್ತೆ!" ಎಂದು ನಾನು ಅರಚಿದೆ.

"ಓದ್ರೆ ಓಗ್ಲಿ ಬಿಡ್ಲಾ. ಮುದ್ದೆ ನುಂಗಾಕೆ ಅಲ್ಲು ಯಾಕೆ?"

ಅಷ್ಟರಲ್ಲಿ ಆ ವರ್ಷದ ಗಾಳಿ ಮೊದಲೇ ಎದ್ದುಬಿಟ್ಟಿತು. ಮೂರೇ ದಿನದಲ್ಲಿ ಮಾವನ ಉಗುರು ನೀಲಿಗಟ್ಟಿತು. ಕೆಮ್ಮಿದರೆ ಟವೆಲ್ಲಿನಲ್ಲಿ ರಕ್ತ. ಬ್ರೇಕು ಸರಿಯಿಲ್ಲ, ಇನ್ನೊಂದು ತಿಂಗಳು ಬೇಕು ಎಂದು ಸೆಲ್ವಣ್ಣ ಗೋಗರೆದರೂ ಅತ್ತೆ ಕೇಳಲಿಲ್ಲ. ಮಾವನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಸೆಲ್ವಣ್ಣನ ಕೈಗೆ ಸ್ಟೇರಿಂಗ್ ಕೊಟ್ಟು ಹೊರಡಿಸಿಯೇಬಿಟ್ಟಳು. ಎಲ್ಲಿಗೆ? ಬೂದಿಕೋಟೆಗೆ. ಅಲ್ಲಿ ಕೆರೆಯ ಪಕ್ಕ ಅವಳ ಬಾಲ್ಯದ ಗೆಳತಿಯ ಹುಣಸೆ ತೋಪಿದೆ.

ಮಾವ ಉಸಿರು ಸಿಕ್ಕಷ್ಟರಲ್ಲೇ, ಹಿಂದೆ ಅತ್ತೆಯ ಜೊತೆ ಕೂತಿದ್ದ ನನ್ನ ಕಡೆ ತಿರುಗಿ, "ಧೂಳು ಬ್ಯಾಡ ಅಂತ ಬೂದಿಗೆ ಕರ್ಕೊಂಡೋಯ್ತಾವ್ಳೆ ನೋಡು ನಿಮ್ಮತ್ತೆ" ಎಂದರು. ನಾನು ನಕ್ಕೆ. ನಕ್ಕದ್ದಕ್ಕೆ ಆಮೇಲೆ ಬೇಜಾರಾಯಿತು.

ಬಂಗಾರಪೇಟೆಯಲ್ಲಿ ರೈಲ್ವೆ ಗೇಟು ಹಾಕಿತ್ತು. ವಿದೇಶದ ಬಂಡಿಯಾದ್ದರಿಂದ ಸ್ಟೇರಿಂಗ್ ಎಡಕ್ಕೆ. ಒಬ್ಬ ಪೊಲೀಸಪ್ಪ ಬಂದು ಬಲಗಡೆಯ ಕಿಟಕಿ ತಟ್ಟಿ ಮಾವನಿಗೆ, "ಲೈಸೆನ್ಸ್ ತೆಗಿ" ಎಂದ. ಆಮೇಲೆ ಬಗ್ಗಿ ನೋಡಿ ಗಾಬರಿಯಾದ. "ಏಯ್, ಸ್ಟೇರಿಂಗ್ ಎಲ್ಲಯ್ಯಾ?"

"ಇಲ್ಲೇ ಇತ್ತು ಸಾರ್" ಎಂದರು ಮಾವ, "ಧೂಳಿಗೆ ಎದರ್ಕೊಂಡು ಆ ಕಡಿಕ್ಕೋಗೈತೆ."

ಅಷ್ಟು ಹೇಳುವುದರೊಳಗೆ ಕೆಮ್ಮು ಹತ್ತಿತು. ಪೊಲೀಸಪ್ಪ ಕರ್ಚೀಫು ಮೂಗಿಗಿಟ್ಟುಕೊಂಡು ದೂರ ಸರಿದ. ಲೈಸೆನ್ಸನ್ನು ಮತ್ತೆ ಯಾರೂ ಕೇಳಲಿಲ್ಲ.

ಆದರೆ ಗೇಟಿನ ಪಕ್ಕದಲ್ಲೇ ಆ ಶೆಡ್ಡು! ಯಜಮಾನರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗ, ನಾನು ಬರೆದ ಕಾಗದವನ್ನು ಎತ್ತಿ ಹಿಡಿದು ಬಂಡಿಯ ಮುಂದೆ ನಿಂತ.

"ಪಾಲು ಕೊಡತಕ್ಕದ್ದು ಅಂತ ಬರ್ದೈತೆ. ಬಂಡಿಯಾಗೆ ನಮ್ಗೆ ಪಾಲೈತೆ. ಅದು ತೀರ್ಮಾನ ಆಗೋಗಂಟ ಬಂಡಿ ಕದಲಂಗಿಲ್ಲ."

"ಅದು ಹಾಲಪ್ಪಾ, ಹಾಲು! ದಿನಾ ನಿಮ್ಮ ಮನೆಗೆ ಬರುತ್ತಲ್ಲ!" ಎಂದೆ ನಾನು.

"ಆಲು ಅಂತ ಯಾಕ್ ಬರೀಲಿಲ್ಲ? ಬರ್ದೋನು ನೀನೇ ಅಲ್ವಾ?"

ಗೇಟು ತೆರೆಯಿತು, ಹಿಂದೆ ಲಾರಿಗಳು ಹಾರನ್ ಹೊಡೆಯತೊಡಗಿದವು. ಮಾವ ಉಸಿರಿಗಾಗಿ ಕಿಟಕಿಯ ಸರಳು ಹಿಡಿದುಕೊಂಡಿದ್ದರು. ನನ್ನ ಅಕ್ಷರವೇ ಅವರ ಕೊರಳಿಗೆ ಸುತ್ತಿಕೊಂಡಿದೆ ಎನ್ನಿಸಿ ನನಗೆ ನಾಚಿಕೆಯಾಯಿತು. ಅತ್ತೆ ಕೆಳಗಿಳಿದಳು. ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಲಿಲ್ಲ.

"ತಗೋ ನಾಯ್ನಾ, ಪಾಲು ಅಂದ್ಮೇಲೆ ಸರಿಯಾಗೇ ಆಗ್ಲಿ. ವಾರದಾಗೆ ಮೂರು ದಿನ ಬಂಡಿ ನಿಂದು. ಆ ಮೂರು ದಿನ ಇವ್ರೂ ನಿನ್ನೋರೇ. ಮೂರೊತ್ತು ಗಂಜಿ, ಎಲ್ಡೊತ್ತು ಬಿಸ್ನೀರು. ಉಗಿಯಾಕೆ ಡಬ್ಬ ಐತೆ. ಡಬ್ಬ ಮಾತ್ರ ನೀನೇ ತೊಳೀಬೇಕು, ಯಾಕಂದ್ರೆ ಅದ್ರಾಗೆ ರಗುತ ಇರ್ತೈತೆ, ಬ್ಯಾರೇರು ಅಸಯ್ಯ ಪಡ್ತಾರೆ. ಇವತ್ತಿಂದಾನೇ ಇಟ್ಕೋತೀಯಾ?"

ಹಲ್ಲಿಲ್ಲದ ಬಾಯಿಯಿಂದ ಬಂದ ಆ ಶಾಂತವಾದ ಮಾತಿಗೆ ಆತ ಕಿಟಕಿಯತ್ತ ನೋಡಿದ. ಮಾವ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಅವನಿಗೆ ನಮಸ್ಕಾರ ಮಾಡಿದರು. ಅವನು ಕಾಗದ ಮಡಿಚಿಟ್ಟುಕೊಂಡು, "ಓಗಮ್ಮಾ, ಮೊದ್ಲು ಓಗು" ಎಂದು ದಾರಿ ಬಿಟ್ಟ.

ಮಾವ ಉಳಿದರೇ? ಇಲ್ಲ. ಗಾಳಿ ನಿಲ್ಲುವ ಮೊದಲೇ, ಬೂದಿಕೋಟೆಗೆ ಹೋದ ನಾಲ್ಕನೆಯ ವಾರದಲ್ಲಿ ತೀರಿಕೊಂಡರು. ತಿಥಿಯ ದಿನ ನೆಂಟರೆಲ್ಲ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಅದನ್ನೇ ಆಡಿದರು. ಹಸು ಹೋಯಿತು, ಹಲ್ಲು ಹೋಯಿತು, ಪೆಟ್ಟಿಗೆ ಹೋಯಿತು, ಕೊನೆಗೆ ಮನುಷ್ಯನೂ ಹೋದ, ಇಷ್ಟೆಲ್ಲ ಮಾಡಿ ಏನು ಬಂತು ಎಂದರು. ಬೇರೆ ದಿನವಾಗಿದ್ದರೆ ನಾನೇ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ ಮಾತು ಅದು. ಅಂದು ನಾನು ಎಂಜಲೆಲೆ ಎತ್ತುವ ನೆಪದಲ್ಲಿ ಎದ್ದುಹೋದೆ.

ಯಾಕೆಂದರೆ ಮಾವ ತೀರಿಕೊಳ್ಳುವ ಎಂಟು ದಿನ ಮೊದಲು, ಒಂದು ಭಾನುವಾರ ಊಟದ ಹೊತ್ತು ಕಳೆದ ಮೇಲೆ, ನಾನು ಬೂದಿಕೋಟೆಗೆ ಹೋಗಿದ್ದೆ. ಸಾಕು ಈ ಹುಚ್ಚು, ಅವರನ್ನು ಆಸ್ಪತ್ರೆಗೆ ಸೇರಿಸು ಎಂದು ಬೈಯಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅತ್ತೆ ಬಂಡಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಗರ್ರ್ ಎಂದು ಸದ್ದು ಬಂತು.

"ಎಂಜಿನ್ ಯಾಕೆ ಚಾಲೂ ಮಾಡಿದ್ದೀಯಾ?" ಎಂದೆ.

"ಥೂ, ಮೆತ್ತಗೆ ಮಾತಾಡ್ಲಾ! ಎಂಜಿನ್ ಅಲ್ಲ, ನಿಮ್ಮಾವ."

ಇಣುಕಿ ನೋಡಿದೆ. ಮಾವ ಕಾಲು ಚಾಚಿ, ಅಂಗಾತ ಮಲಗಿ, ಬಾಯಿ ತೆರೆದು ನಿದ್ದೆಹೋಗಿದ್ದರು.

"ಮದ್ವೆಯಾದ ಮಾರ್ನೇ ವರ್ಸದಿಂದ ಕೆಮ್ಮು ಇಡ್ದಿದ್ದು" ಎಂದಳು ಅತ್ತೆ ಪಿಸುಮಾತಿನಲ್ಲಿ. "ಮನ್ಗಿದ್ರೆ ಉಸುರು ಕಟ್ಟೋದು. ಇಷ್ಟು ವರ್ಸಾನೂ ಗೋಡೆಗೆ ಒರಗಿ ಕುಂತೇ ರಾತ್ರಿ ಕಳೆದ್ರು. ಮೂರು ದಿನ ಆಯ್ತು, ಮದ್ಯಾನ ಇಂಗೆ ನೆಲಕ್ಕೆ ಬೆನ್ನು ಕೊಟ್ಟು ಮನಗ್ತಾವ್ರೆ."

ಅವಳ ಕಣ್ಣು ತುಂಬಿತ್ತು, ಬೊಚ್ಚುಬಾಯಿ ನಗುತ್ತಿತ್ತು. ಮೆಟ್ಟಿಲ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದಳು.

"ಕುಂತ್ಕೊಂಡು ಕೇಳ್ಲಾ. ನನ್ ಗಂಡ ಗೊರಕೆ ಒಡೀತಾರೆ ಅಂತ ನಂಗೇ ಗೊತ್ತಿರ್ಲಿಲ್ಲ."